ಮೂರು ಕೂಗು

“ಗುರುಗಳೇ, ಬೇಕಾದದ್ದನ್ನೆಲ್ಲ ಕೊಟ್ಟ ಮೇಲೂ ಬಿಟ್ಟು ಹೋಗುವವರಿಗೆ ಇನ್ನೇನನ್ನು ಕೊಡಬೇಕು?”

ಹೀಗೆ ಕೇಳಿದವನು ಗುರುಪಾದ. ಆಶ್ರಮದ ವಿದ್ಯಾರ್ಥಿವೇತನದ ಕೆಲಸವೆಲ್ಲ ಅವನ ಕೈಯಲ್ಲಿತ್ತು. ಕಾಡಂಚಿನ ಹಾಡಿಗಳಿಂದ, ಬಸ್ಸು ಮುಟ್ಟದ ಊರುಗಳಿಂದ ಮಕ್ಕಳನ್ನು ಆರಿಸಿ ದೂರದ ಪಟ್ಟಣಕ್ಕೆ ಓದಲು ಕಳಿಸುವುದು, ಅವರ ಶುಲ್ಕ, ಊಟ, ಪುಸ್ತಕಗಳನ್ನು ನೋಡಿಕೊಳ್ಳುವುದು ಅವನ ಹೊಣೆ. ಆ ವರ್ಷ ಮೂವರು ಅರ್ಧಕ್ಕೇ ಬಿಟ್ಟು ಊರಿಗೆ ಹೋಗಿದ್ದರು. ಗುರುಪಾದನಿಗೆ ಬೇಸರವಾಗಿತ್ತು, ಬೇಸರಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಬರುವ ವರ್ಷದಿಂದ ಹತ್ತಿರದ ಊರಿನ ಮಕ್ಕಳಿಗೇ ಕೊಟ್ಟರಾಯಿತು ಎಂಬ ಮಾತು ಅವನ ನಾಲಗೆಯ ತುದಿಗೆ ಬಂದು ನಿಂತಿತ್ತು. ಗುರುಗಳಿಗೆ ಅದು ಕೇಳಿಸಿತೋ ಏನೋ, ಅವನನ್ನು ಕೂರಲು ಹೇಳಿ ಕತೆ ಶುರು ಮಾಡಿದರು.

ಬೆಟ್ಟದ ಬುಡದ ಪೇಟೆಯಲ್ಲಿ ಒಬ್ಬ ವ್ಯಾಪಾರಿಯಿದ್ದ. ಬೆಟ್ಟದ ಮೇಲಿನವರು ಹೊತ್ತು ತರುವ ಜೇನು, ಸೀಗೆ, ಅಂಟುವಾಳವನ್ನು ಕೊಂಡು ಪಟ್ಟಣಕ್ಕೆ ಮಾರುವುದು ಅವನ ಕಸುಬು. ಒಳ್ಳೆಯವನು. ಒಳ್ಳೆಯವನೆಂದು ಅವನಿಗೂ ಗೊತ್ತಿತ್ತು, ತೊಂದರೆ ಇದ್ದದ್ದು ಅಲ್ಲೇ. ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೂ ಬಾಯಲ್ಲಿ ಎಲೆ ಅಡಿಕೆ ಇರಬೇಕು. ಯಾರು ಏನು ಕೇಳಿದರೂ ಕತ್ತು ಮೇಲೆತ್ತಿ, ರಸ ಚೆಲ್ಲದ ಹಾಗೆ ‘ಹ್ಞೂಂ’ ಅನ್ನುವನು. ಪೇಟೆಯಲ್ಲಿ ಅರ್ಧ ವ್ಯವಹಾರ ಆ ‘ಹ್ಞೂಂ’ನಲ್ಲೇ ಮುಗಿಯುತ್ತಿತ್ತು.

ವಯಸ್ಸು ಅರವತ್ತರ ಹತ್ತಿರ ಬಂದಾಗ ಅವನಿಗೊಂದು ಯೋಚನೆ ಹತ್ತಿತು. ಇಷ್ಟು ಕಾಲ ಈ ಜನ ತಲೆಯ ಮೇಲೆ ಹೊತ್ತು ತಂದದ್ದನ್ನು ಮಾರಿ ತಾನು ಉಂಡದ್ದಾಯಿತು, ಅವರ ಮಕ್ಕಳಾದರೂ ನಾಲ್ಕಕ್ಷರ ಹೆಚ್ಚು ಓದಲಿ. ಬೆಟ್ಟದ ಮೇಲಿನ ಶಾಲೆ ಹತ್ತನೆಯ ತರಗತಿಗೇ ನಿಂತುಹೋಗುತ್ತಿತ್ತು. ಮುಂದೆ ಓದಬೇಕಾದರೆ ಬೆಟ್ಟ ಇಳಿದು, ರೈಲು ಹತ್ತಿ, ಹಗಲೆಲ್ಲ ಕೂತು ಪಟ್ಟಣ ಸೇರಬೇಕು. ವ್ಯಾಪಾರಿ ವರ್ಷಕ್ಕೊಬ್ಬರಂತೆ ವಿದ್ಯಾರ್ಥಿವೇತನ ಕೊಡುವುದೆಂದು ಗೊತ್ತು ಮಾಡಿದ. ಕಾಲೇಜಿನ ಶುಲ್ಕ, ಹಾಸ್ಟೆಲ್ಲು, ಬಟ್ಟೆ, ಪುಸ್ತಕ, ಕೊನೆಗೆ ಹೊದೆಯುವ ಕಂಬಳಿಯವರೆಗೆ ಎಲ್ಲ ಅವನದೇ. ಕೊಡುವುದರಲ್ಲಿ ಅವನು ಕೈ ಬಿಗಿ ಹಿಡಿಯಲಿಲ್ಲ.

ಮೊದಲ ವರ್ಷ ಒಬ್ಬ ತರುಣ ಹೋದ. ನಾಲ್ಕನೆಯ ತಿಂಗಳು ಮುಗಿಯುವುದರೊಳಗೆ ಬೆಟ್ಟ ಹತ್ತಿಬಿಟ್ಟಿದ್ದ. ಎರಡನೆಯ ವರ್ಷ ಇನ್ನೊಬ್ಬ ಹೋದ, ಅವನೂ ಸಂಕ್ರಾಂತಿಗೆ ಮೊದಲೇ ವಾಪಸು. ಯಾರೂ ಹೊರಗೆ ಹಾಕಿದ್ದಲ್ಲ, ಪಾಠದಲ್ಲಿ ಹಿಂದೆ ಬಿದ್ದವರೂ ಅಲ್ಲ. ಯಾಕೆ ಬಂದಿರೆಂದು ಕೇಳಿದರೆ ನೆಲ ನೋಡುತ್ತ ನಿಲ್ಲುತ್ತಿದ್ದರು. ಮೂರನೆಯ ವರ್ಷಕ್ಕೆ ಶಾಲೆಯ ಮೇಷ್ಟ್ರು ಕೇತಿ ಎಂಬ ಹುಡುಗಿಯ ಹೆಸರು ಕಳಿಸಿದರು. ಅವಳು ಜೇನು ಕೀಳುವವನೊಬ್ಬನ ಮಗಳು, ದಾದಿಯ ಓದು ಓದಬೇಕೆಂದು ಆಸೆಪಟ್ಟವಳು. ಎಲ್ಲ ಸಿದ್ಧವಾಯಿತು ಅನ್ನುವಾಗ ಅವಳ ಅಪ್ಪ ಕಳಿಸುವುದಿಲ್ಲ ಎಂದ.

ವ್ಯಾಪಾರಿಗೆ ಉರಿದುಹೋಯಿತು. ಬಾಯಲ್ಲಿದ್ದದ್ದನ್ನು ಉಗಿದು ಗುಮಾಸ್ತನ ಮುಂದೆ ಕೂಗಾಡಿದ. “ಪುಕ್ಕಟೆ ಕೊಡ್ತೀನಿ ಅಂದ್ರೂ ಬೇಡವಂತೆ! ಇವರಿಗೇನು ಪಲ್ಲಕ್ಕಿ ಕಳಿಸಬೇಕಾ?” ಒಂದು ಸಲ ಬೆಟ್ಟ ಹತ್ತಿ ಆ ಮನುಷ್ಯನ ಮುಖಕ್ಕೇ ನಾಲ್ಕು ಮಾತಾಡುವುದು, ಬಂದ ಮೇಲೆ ವಿದ್ಯಾರ್ಥಿವೇತನವನ್ನು ನಿಲ್ಲಿಸಿಬಿಡುವುದು ಎಂದು ನಿರ್ಧಾರ ಮಾಡಿ, ಹೊಸ ಎಲೆ ಹಾಕಿಕೊಂಡು ಹೊರಟ.

ಅವನು ಹಾಡಿಗೆ ಹೋದಾಗ ಗಂಡಸರು ಯಾರೂ ಇರಲಿಲ್ಲ. ಹೆಜ್ಜೇನು ಕಟ್ಟುವ ಬಂಡೆಗೆ ಹೋಗಿದ್ದಾರೆಂದು ಹೆಂಗಸರು ದಾರಿ ತೋರಿಸಿದರು. ಏದುಸಿರು ಬಿಡುತ್ತ ಅಲ್ಲಿಗೆ ಹೋದರೆ, ಬಂಡೆಯ ಅಂಚಿನಲ್ಲಿ ಒಬ್ಬನು ಕಾಲೂರಿ ಕೂತು, ಬಳ್ಳಿಯಿಂದ ಹೊಸೆದ ದಪ್ಪ ಹಗ್ಗವನ್ನು ಎರಡು ಕೈಯಲ್ಲೂ ಹಿಡಿದಿದ್ದ. ಹಗ್ಗದ ಇನ್ನೊಂದು ತುದಿ ಪ್ರಪಾತದೊಳಗೆ ಇಳಿದಿತ್ತು. ಅದರಲ್ಲಿ ತೂಗುತ್ತಿದ್ದವನು ಕೇತಿಯ ಅಪ್ಪ. ಪಕ್ಕದಲ್ಲಿ ಹೊಗೆ ಹಾಕುತ್ತ ನಿಂತಿದ್ದ ತರುಣನನ್ನು ವ್ಯಾಪಾರಿ ಗುರುತು ಹಿಡಿದ. ಮೊದಲ ವರ್ಷ ಓದು ಬಿಟ್ಟು ಬಂದವನೇ ಅವನು.

ವ್ಯಾಪಾರಿ ಹಗ್ಗ ಹಿಡಿದವನನ್ನು ಮಾತಾಡಿಸಿದ. ಅವನು ತಿರುಗಲಿಲ್ಲ. ಇನ್ನೂ ಜೋರಾಗಿ ಮಾತಾಡಿಸಿದ. ಆಗಲೂ ಇಲ್ಲ. ಪೇಟೆಯಲ್ಲಿ ಇಂಥ ಅವಮಾನ ಅವನಿಗೆ ಎಂದೂ ಆಗಿರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ‘ಕೂ’ ಎಂದು ಒಂದು ಕೂಗು ಬಂತು. ಹಗ್ಗ ಹಿಡಿದವನು ಕೂಡಲೇ ‘ಓ’ ಎಂದ. ಹಗ್ಗ ಒಂದು ಮಾರು ಇಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ‘ಕೂ’, ಮತ್ತೆ ‘ಓ’, ಮತ್ತೆ ಒಂದು ಮಾರು. ಜೇನು ತುಂಬಿದ ಬುಟ್ಟಿ ಮೇಲೆ ಬಂದು, ಅದರ ಹಿಂದೆ ಕೇತಿಯ ಅಪ್ಪನೂ ಹತ್ತಿ ಬರುವವರೆಗೆ ಇಷ್ಟೇ ನಡೆಯಿತು. ಕೂಗಿದವನು ಏನನ್ನೂ ಕೇಳಲಿಲ್ಲ, ಓ ಎಂದವನು ಏನನ್ನೂ ಹೇಳಲಿಲ್ಲ.

ಹಗ್ಗ ಕೆಳಗಿಟ್ಟ ಮೇಲೆ ಆ ಮನುಷ್ಯ ತಿರುಗಿ ಕೈ ಮುಗಿದ. “ತಪ್ಪು ತಿಳೀಬೇಡಿ ಸಾವ್ಕಾರ್ರೆ. ಕಿವಿ ಕೆಳಗಿತ್ತು.”

“ಅವನು ಏನೂ ಹೇಳ್ತಾನೇ ಇರಲಿಲ್ಲವಲ್ಲಯ್ಯ, ಸುಮ್ಮನೆ ಕೂಗ್ತಿದ್ದ!”

“ಅವನು ನಾನಿದ್ದೀನಿ ಅಂತಾನೆ. ನಾನೂ ಇದ್ದೀನಿ ಅಂತೀನಿ. ಮೂರು ಸಲ ಕೂಗಿ ಒಂದು ಸಲವೂ ಓ ಬರಲಿಲ್ಲ ಅಂದ್ರೆ, ಜೇನು ಕೈಗೆ ಸಿಗೋ ಹಂಗಿದ್ರೂ ಬಿಟ್ಟು ಮೇಲಕ್ಕೆ ಹತ್ತಬೇಕು. ಅದು ನಮ್ಮ ಕಟ್ಟು.”

ಕೇತಿಯ ಅಪ್ಪ ಮೈಗೆ ಹತ್ತಿದ ಮೇಣ ಒರೆಸಿಕೊಳ್ಳುತ್ತ ಅಲ್ಲಿಗೇ ಬಂದ. “ಇವನು ನನ್ನ ಹೆಂಡ್ತಿ ಅಣ್ಣ, ಕೇತಿಗೆ ಸೋದರಮಾವ. ನಮ್ಮಲ್ಲಿ ಹಗ್ಗ ಹಿಡಿಯೋನು ಹೆಂಡ್ತಿ ಕಡೆಯೋನೇ ಆಗ್ಬೇಕು. ನಾನು ಬಿದ್ರೆ ಗೋಳಾಡೋಳು ಇವನ ತಂಗಿ. ಇವನು ಕೈ ಬಿಡಲ್ಲ.” ಆಮೇಲೆ ಪ್ರಪಾತದ ಕಡೆ ಕೈ ತೋರಿಸಿ ಹೇಳಿದ. “ಸಾವ್ಕಾರ್ರೆ, ಪಟ್ಟಣ ಈ ಬಂಡೆಗಿಂತ ಆಳ ಅಂತಾರೆ. ಹಗ್ಗ ನೀವು ಕೊಟ್ರಿ, ಗಟ್ಟಿ ಹಗ್ಗಾನೇ. ಮೇಲೆ ಹಿಡ್ಕೊಂಡಿರೋರು ಯಾರು? ಅದೊಂದು ಹೇಳಿ, ನಾಳೇನೇ ಕಳಿಸ್ತೀನಿ.”

ಬೈಯಬೇಕೆಂದು ಬಂದಿದ್ದ ವ್ಯಾಪಾರಿಗೆ ಬೈಗುಳವೇ ನೆನಪಾಗಲಿಲ್ಲ. ಅವನು ಹೊಗೆ ಹಾಕುತ್ತಿದ್ದ ತರುಣನ ಕಡೆ ತಿರುಗಿದ. “ನೀನು ಯಾಕಪ್ಪ ಬಿಟ್ಟು ಬಂದೆ? ಇವತ್ತಾದರೂ ಹೇಳು.”

“ಮೂರು ಸಲ ಕೂಗಿದೆ ಸಾವ್ಕಾರ್ರೆ. ಓ ಬರಲಿಲ್ಲ.”

“ನನ್ನನ್ನಾ? ಯಾವಾಗ ಕೂಗಿದೆ?”

“ಕಾಗದ ಬರೆದಿದ್ನಲ್ಲ.”

ವ್ಯಾಪಾರಿಗೆ ಆಗ ನೆನಪಾಯಿತು. ಕಾಗದಗಳು ಬಂದಿದ್ದವು. ಇವನದು ಮೂರು, ಎರಡನೆಯವನದೂ ಮೂರು. ಗುಮಾಸ್ತ ಗಟ್ಟಿಯಾಗಿ ಓದಿ ಹೇಳಿದ್ದ. ‘ನಾನು ಇಲ್ಲಿದ್ದೇನೆ. ಎಲ್ಲ ಚೆನ್ನಾಗಿದೆ.’ ಅಷ್ಟೇ. ಬೇಡಿಕೆ ಇಲ್ಲ, ದೂರು ಇಲ್ಲ, ಇದಕ್ಕೆ ಉತ್ತರ ಬರೆಯುವುದೇನು? ಚೆನ್ನಾಗಿದ್ದಾರಂತೆ, ಸಂತೋಷ, ಫೈಲಿಗೆ ಹಾಕು ಎಂದಷ್ಟಾದರೂ ಹೇಳಬಹುದಿತ್ತು. ಬಾಯಲ್ಲಿ ಎಲೆ ಇದ್ದದ್ದರಿಂದ ಅದನ್ನೂ ಹೇಳದೆ ‘ಹ್ಞೂಂ’ ಅಂದಿದ್ದ. ಅದನ್ನು ನೆನೆದು ಅವನಿಗೆ ನಾಚಿಕೆಯಾಯಿತು. ಆ ಮಕ್ಕಳು ಓದನ್ನು ಬಿಟ್ಟು ಓಡಿಬಂದರೆಂದು ಅವನು ಪೇಟೆ ತುಂಬ ಹೇಳಿಕೊಂಡು ತಿರುಗಿದ್ದ. ಅವರು ತಮ್ಮ ಹಿರಿಯರು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದರು. ಮೇಲೆ ಯಾರೂ ಇಲ್ಲವೆಂದು ತಿಳಿದ ಮೇಲೆ ಹತ್ತಿ ಬಂದಿದ್ದರು.

“ನಾನು ಹಿಡೀತೀನಿ. ಕೇತಿ ಕೂಗಿದ್ರೆ ನಾನೇ ಓ ಅಂತೀನಿ” ಎಂದ ವ್ಯಾಪಾರಿ.

ಕೇತಿಯ ಸೋದರಮಾವ ಅವನ ಮುಖವನ್ನೇ ನೋಡಿದ. “ಬಾಯಿ ತುಂಬ ಎಲೆ ಅಡಿಕೆ ಇಟ್ಕೊಂಡು ಓ ಅನ್ನೋಕಾಗಲ್ಲ ಸಾವ್ಕಾರ್ರೆ. ಹಗ್ಗ ಹಿಡಿದಾಗ ನಾನೂ ಹಾಕಲ್ಲ.”

ವ್ಯಾಪಾರಿ ಆಚೆ ಹೋಗಿ ಉಗಿದು ಬಂದ. ಸುತ್ತ ನಿಂತವರು ನಕ್ಕರು, ಕೇತಿಯ ಅಪ್ಪನೂ ನಕ್ಕ. ಮಾರನೆಯ ವಾರ ಕೇತಿ ರೈಲು ಹತ್ತಿದಳು.

ಹದಿನೈದು ದಿನಕ್ಕೆ ಅವಳ ಕಾಗದ ಬಂತು. ‘ನಾನು ಇಲ್ಲಿದ್ದೇನೆ. ಎಲ್ಲ ಚೆನ್ನಾಗಿದೆ.’ ವ್ಯಾಪಾರಿ ಕೂತು ನಾಲ್ಕು ಪುಟ ಬರೆದ. ಚೆನ್ನಾಗಿ ಓದಬೇಕು, ಹೊತ್ತಿಗೆ ಸರಿಯಾಗಿ ಏಳಬೇಕು, ಹಿರಿಯರಿಗೆ ಮರ್ಯಾದೆ ಕೊಡಬೇಕು ಎಂದೆಲ್ಲ. ಉಪದೇಶ ಮಾಡಲು ಅವಕಾಶ ಸಿಕ್ಕಿದರೆ ಯಾರು ಬಿಡುತ್ತಾರೆ, ನಾನೂ ಬಿಡುವುದಿಲ್ಲ. ಅದಕ್ಕೆ ಬಂದದ್ದು ಮತ್ತೆ ಅದೇ ಎರಡು ಸಾಲು. ಆಗ ಅವನಿಗೆ ಅರ್ಥವಾಯಿತು. ಮುಂದಿನ ಸಲ ಒಂದೇ ಸಾಲು ಬರೆದ. ‘ಓ. ನಾನೂ ಇದ್ದೇನೆ.’ ಇಷ್ಟಕ್ಕೆ ಯಾಕೆ ಅಂಚೆ ಖರ್ಚು ಎಂದು ಗುಮಾಸ್ತ ಗೊಣಗಿದ. ಆದರೆ ಅಲ್ಲಿಂದ ಮುಂದೆ ಕೇತಿಯ ಕಾಗದಗಳು ಒಂದೊಂದೇ ಸಾಲು ಬೆಳೆಯತೊಡಗಿದವು. ‘ಊಟದ ಸಾಲಿನಲ್ಲಿ ನನ್ನನ್ನು ಹಿಂದಕ್ಕೆ ತಳ್ಳುತ್ತಿದ್ದರು, ಇವತ್ತು ಜಾಗ ಬಿಡಲಿಲ್ಲ.’ ‘ಇಂಗ್ಲಿಷ್ ಪಾಠ ತಿಳಿಯಲಿಲ್ಲ ಎಂದು ಎದ್ದು ನಿಂತು ಹೇಳಿದೆ. ತಿಳಿಯದವರು ಇನ್ನೂ ಆರು ಜನ ಇದ್ದರು.’ ‘ಆಸ್ಪತ್ರೆಯಲ್ಲಿ ಮೊದಲ ಸಲ ರಕ್ತ ನೋಡಿದೆ, ಕೈ ನಡುಗಲಿಲ್ಲ.’ ಇವನ್ನು ಓದುವಾಗ ವ್ಯಾಪಾರಿಗೆ ತನ್ನ ಕೈಯಲ್ಲೇ ಹಗ್ಗ ಇಳಿಯುತ್ತಿದ್ದಂತೆ ಅನ್ನಿಸುತ್ತಿತ್ತು. ಎಲೆ ಅಡಿಕೆಯನ್ನು ಅವನು ಮತ್ತೆ ಮುಟ್ಟಿರಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಎರಡನೆಯ ವರ್ಷದಲ್ಲಿ ವ್ಯಾಪಾರಿಯ ಮಗಳಿಗೆ ಹೆರಿಗೆಯಾಗಿ, ಅವನು ಅವಳೂರಿಗೆ ಹೋಗಬೇಕಾಯಿತು. ತಾಯಿಗೂ ಮಗುವಿಗೂ ಹುಷಾರಿಲ್ಲದೆ, ಎರಡು ವಾರಕ್ಕೆಂದು ಹೋದವನು ಎರಡು ತಿಂಗಳು ಉಳಿದ. ಹೊರಡುವಾಗ ಗುಮಾಸ್ತನಿಗೆ ಹೇಳಿಯೇ ಹೋಗಿದ್ದ. ಕೇತಿಯ ಕಾಗದ ಬಂದರೆ ಉತ್ತರ ಬರೆ, ತಪ್ಪಿಸಬೇಡ.

ಮಗಳು, ಮೊಮ್ಮಗು ಇಬ್ಬರೂ ಚೇತರಿಸಿಕೊಂಡ ಮೇಲೆ ಅವನು ಹಗುರವಾದ ಮನಸ್ಸಿನಿಂದ ಊರಿಗೆ ಬಂದ. ಬಂದವನೇ ಕೇತಿಯ ಫೈಲು ಕೇಳಿದ. ಮೂರು ಕಾಗದ ಬಂದಿದ್ದವು. ಮೊದಲನೆಯದು ಉದ್ದವಿತ್ತು, ಎರಡನೆಯದು ಅದಕ್ಕಿಂತ ಚಿಕ್ಕದು. ಮೂರನೆಯದರಲ್ಲಿ ಹಳೆಯ ಎರಡೇ ಸಾಲು. ‘ನಾನು ಇಲ್ಲಿದ್ದೇನೆ. ಎಲ್ಲ ಚೆನ್ನಾಗಿದೆ.’

“ಉತ್ತರ ಬರೆದೆಯಾ?”

“ಮೂರಕ್ಕೂ ಬರೆದಿದ್ದೀನಿ ಸ್ವಾಮಿ” ಎಂದು ಗುಮಾಸ್ತ ಪ್ರತಿ ತೆಗೆದು ತೋರಿಸಿದ. ಮುತ್ತಿನಂಥ ಅಕ್ಷರ, ಕೆಳಗೆ ಅಂಗಡಿಯ ಮೊಹರು. ‘ತಮ್ಮ ಪತ್ರ ತಲುಪಿದೆ. ವಿಷಯ ಗಮನಿಸಲಾಗಿದೆ.’

ಗುಮಾಸ್ತನ ತಪ್ಪೇನಿದೆ? ಅವನು ಮೂವತ್ತು ವರ್ಷ ಎಲ್ಲರಿಗೂ ಹೀಗೆಯೇ ಉತ್ತರ ಬರೆದು ಬದುಕಿದವನು. ವ್ಯಾಪಾರಿಗೆ ಬೈಯುವುದಕ್ಕೂ ಪುರುಸೊತ್ತಿರಲಿಲ್ಲ. ಮೂರನೆಯ ಕಾಗದದ ತಾರೀಕು ನೋಡಿದ, ಎಂಟು ದಿನವಾಗಿತ್ತು. ಬೆಟ್ಟದ ಮೇಲೆ ಆಡಿದ ಮಾತು ಹೋಯಿತು, ಅದು ಹೋದರೆ ಹೋಗಲಿ, ಆ ಹುಡುಗಿಯ ಓದು ಹೋಯಿತಲ್ಲ! ಮಾರನೆಯ ಬೆಳಗಿನ ಮೊದಲ ರೈಲು ಹತ್ತಿದ. ದಾರಿಯುದ್ದಕ್ಕೂ ಎದುರಿನಿಂದ ಬರುವ ಒಂದೊಂದು ರೈಲಿನಲ್ಲೂ ಕೇತಿ ಕೂತು ಊರಿಗೆ ಹೋಗುತ್ತಿದ್ದಾಳೆಂದೇ ಅವನಿಗೆ ತೋರುತ್ತಿತ್ತು. ಒಂದು ಲೋಟ ನೀರು ಕೂಡ ಗಂಟಲಲ್ಲಿ ಇಳಿಯಲಿಲ್ಲ.

ಅವನು ಹಾಸ್ಟೆಲ್ಲಿನ ಗೇಟು ಮುಟ್ಟಿದಾಗ ಸಂಜೆಯಾಗುತ್ತ ಬಂದಿತ್ತು. ಅಂಗಳದಾಚೆ, ಮೆಟ್ಟಿಲ ಮೇಲೆ ಕೇತಿ ಕೂತಿದ್ದಳು. ಪಕ್ಕದಲ್ಲಿ ಬೀಗ ಹಾಕಿದ ಟ್ರಂಕು, ಅದರ ಮೇಲೆ ಮಡಿಸಿಟ್ಟ ಕಂಬಳಿ. ಅವಳು ಬೆಟ್ಟದಿಂದ ಬಂದ ದಿನದ ಸೀರೆಯನ್ನೇ ಉಟ್ಟಿದ್ದಳು. ಯಾರನ್ನೂ ನೋಡುತ್ತಿರಲಿಲ್ಲ.

ಒಳಗೆ ಹೋಗಲು ಕಾವಲುಗಾರ ಬಿಡಲಿಲ್ಲ. ಭೇಟಿ ಭಾನುವಾರ ಮಾತ್ರ ಎಂದ. ವ್ಯಾಪಾರಿ ತಾನು ಯಾರೆಂದು ಹೇಳಿದ, ಕಾವಲುಗಾರ ಆಗಲೂ ಭಾನುವಾರ ಎಂದ. ಹೇಳಬೇಕಾದದ್ದು ವ್ಯಾಪಾರಿಯ ಮನಸ್ಸಿನಲ್ಲಿ ಬೇಕಾದಷ್ಟಿತ್ತು. ಮಗಳ ಹೆರಿಗೆ, ಮೊಮ್ಮಗುವಿನ ಜ್ವರ, ಗುಮಾಸ್ತನ ಮೊಹರು. ಅಷ್ಟನ್ನೂ ಅಂಗಳದಾಚೆಗೆ ಕೂಗಿ ಹೇಳುವುದು ಹೇಗೆ? ಅವನು ಗೇಟಿನ ಸರಳು ಹಿಡಿದು, ಮೈಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ, ‘ಓ’ ಎಂದು ಕೂಗಿದ.

ಕಿಟಕಿಗಳಲ್ಲಿ ಹುಡುಗಿಯರು ಇಣುಕಿದರು. ಯಾರೋ ಕಿಸಕ್ಕೆಂದರು. ಇವನಿಗೆ ತಲೆ ಕೆಟ್ಟಿದೆಯೆಂದು ಕಾವಲುಗಾರ ಎರಡು ಹೆಜ್ಜೆ ಹಿಂದೆ ಸರಿದ. ವ್ಯಾಪಾರಿ ಇನ್ನೊಮ್ಮೆ ಕೂಗಿದ. ಕೇತಿ ತಲೆ ಎತ್ತಿದಳು. ಎದ್ದು ನಿಂತಳು. ಆಮೇಲೆ ಅಂಗಳ ದಾಟಿ, ಆತುರವಿಲ್ಲದೆ ನಡೆದು ಗೇಟಿನ ಹತ್ತಿರ ಬಂದಳು.

“ಇಷ್ಟು ದಿನ ಯಾರು ಹಿಡ್ಕೊಂಡಿದ್ರು?” ಎಂದಳು.

“ನನ್ನ ಗುಮಾಸ್ತ.”

“ಹೇಳದೆ ಕೈ ಬದಲಾಯಿಸಬಾರದು ಮಾವ.”

ಸಾರ್ ಎಂದು ಕಾಗದ ಬರೆಯುತ್ತಿದ್ದವಳು ಮಾವ ಎಂದದ್ದು ಅದೇ ಮೊದಲು. ವ್ಯಾಪಾರಿ ಗೇಟಿನ ಸರಳು ಬಿಡದೆ, “ತಪ್ಪಾಯ್ತು ಕಣವ್ವ” ಎಂದು ಮಾತ್ರ ಹೇಳಿದ.

ಕೇತಿ ಅವನನ್ನು ಸ್ವಲ್ಪ ಹೊತ್ತು ನೋಡಿ, ಹಿಂದಿರುಗಿ ಹೋಗಿ, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಟ್ರಂಕನ್ನು ಎತ್ತಿಕೊಂಡು ಒಳಗೆ ಹೋದಳು. ವ್ಯಾಪಾರಿ ಅಲ್ಲೇ ಗೇಟಿನ ಕಟ್ಟೆಯ ಮೇಲೆ ಕೂತುಬಿಟ್ಟ. ಕಾವಲುಗಾರ ಪಾಪ ಅನ್ನಿಸಿ ನೀರು ತಂದುಕೊಟ್ಟ, ಅದನ್ನು ಗಟಗಟನೆ ಕುಡಿದ. ಎದುರಿನ ಗಾಡಿಯಲ್ಲಿ ಬೋಂಡ ಕರಿಯುತ್ತಿದ್ದರು. ಆರು ಬೋಂಡ ತಿಂದ. ತಿನ್ನುತ್ತ ಒಬ್ಬನೇ ನಗುತ್ತಿದ್ದ, ಕಣ್ಣು ಒರೆಸಿಕೊಳ್ಳುತ್ತಿದ್ದ. ಕಾವಲುಗಾರನಿಗೂ ಎರಡು ಬೋಂಡ ಕೊಡಿಸಿದ.

ಕೇತಿ ಓದು ಮುಗಿಸಿದಳು. ಬೆಟ್ಟದ ಬುಡದ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅಪ್ಪ ಅವಳನ್ನು ನೋಡಲು ಬಂದವನು ವ್ಯಾಪಾರಿಯ ಅಂಗಡಿಗೂ ಬಂದು, ಒಂದು ದೊಡ್ಡ ಬುಟ್ಟಿ ಜೇನು ಇಟ್ಟು ಹೋದ. ತೂಕ ಹಾಕಲು ಬಿಡಲಿಲ್ಲ. ಆ ವರ್ಷ ಬೆಟ್ಟದಿಂದ ಒಬ್ಬರ ಬದಲು ನಾಲ್ವರು ಓದಲು ಹೋದರು. ಓದು ಬಿಟ್ಟು ಬಂದು ಹೊಗೆ ಹಾಕುತ್ತಿದ್ದ ಆ ತರುಣನೂ ಅವರಲ್ಲಿ ಒಬ್ಬ. ಅವನಿಗೆ ವಯಸ್ಸು ಮೀರಿತ್ತು, ಆದರೂ ಕಾಲೇಜಿನವರು ಸೇರಿಸಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದ ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದ. ಬಂದಾಗ ಇದ್ದ ಸಿಟ್ಟು ಅವನ ಮುಖದಲ್ಲಿ ಉಳಿದಿರಲಿಲ್ಲ. ಮೆಲ್ಲಗೆ ಹೇಳಿದ.

“ಬಿಟ್ಟು ಹೋದ ಮೂವರೂ ನನಗೆ ಬರೆದಿದ್ದರು ಗುರುಗಳೇ. ಉತ್ತರ ಬರೆಯುವಂಥದ್ದು ಅದರಲ್ಲಿ ಏನೂ ಇಲ್ಲ ಎಂದುಕೊಂಡೆ. ಈಗ ಅವರು ಊರು ಸೇರಿಯಾಯಿತು.”

ಗುರುಗಳು ಎದ್ದು ನಿಂತು, ಅವನ ಭುಜದ ಮೇಲೆ ಕೈಯಿಟ್ಟರು.

“ಆ ಊರುಗಳಿಗೆ ಅಂಚೆ ಈಗಲೂ ಹೋಗುತ್ತದೆ, ಗುರುಪಾದ.”